ಮಗುವಿನ ಓದಿಗೆ ಆಸರೆ: ಹಣ ಕೊಡುವ ಮೊದಲು ಕಾಗದಪತ್ರ ನೋಡಿ

ಶಾಲೆ ತೆರೆಯುವ ಹೊತ್ತಿಗೆ ಹುಬ್ಬಳ್ಳಿ-ಧಾರವಾಡದ ಹಲವು ಮನೆಗಳಲ್ಲಿ ಒಂದು ಮಾತು ಬರುತ್ತದೆ: ಬಡವರ ಮಗುವೊಂದರ ಓದು, ಔಷಧದ ಖರ್ಚು ನಾವು ವಹಿಸಿಕೊಳ್ಳೋಣ. ವಾರಾನ್ನ ಉಂಡು ಓದಿದವರನ್ನು ಕಂಡ ಸೀಮೆ ಇದು. ಈ ಮನಸ್ಸು ಇಲ್ಲಿ ಹೊಸದಲ್ಲ. ಆದರೆ ಪಾಸ್‌ಬುಕ್ ತೆಗೆಯುವ ಮೊದಲು ತಿಳಿಯಬೇಕಾದ್ದು ಬಹಳ ಇದೆ. ಆ ಮಗುವಿಗೆ ಸರ್ಕಾರದಿಂದ ಸಿಗಬೇಕಾದ್ದು ಎಷ್ಟೋ ಸಲ ಒಂದು ಪ್ರಮಾಣಪತ್ರವಿಲ್ಲದೆ ನಿಂತಿರುತ್ತದೆ.

ಮಗುವನ್ನು ನೀವೇ ಆರಿಸಲು ಹೋಗಬೇಡಿ. ಸರ್ಕಾರಿ ಶಾಲೆಯ ಹೆಡ್‌ಮಾಸ್ತರು, ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯನ್ನು ಕೇಳಿ. ಯಾರ ಮನೆಯಲ್ಲಿ ದುಡಿಯುವವರು ಹಾಸಿಗೆ ಹಿಡಿದಿದ್ದಾರೆ, ಯಾವ ಹುಡುಗಿ ವಾರದಲ್ಲಿ ಎರಡು ದಿನ ಹೊಲಕ್ಕೆ ಹೋಗುತ್ತಾಳೆ ಎಂಬುದು ಅವರಿಗೆ ಗೊತ್ತಿರುತ್ತದೆ.

ನಂತರ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ. ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆಯಲ್ಲಿ ಅರ್ಹ ಮಗುವಿಗೆ 18 ವರ್ಷ ತುಂಬುವವರೆಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ವಿಧವೆ ಅಥವಾ ಗಂಡ ಬಿಟ್ಟ ತಾಯಿಯ ಮಕ್ಕಳು, ಬಂಧುಗಳ ಮನೆಯಲ್ಲಿರುವ ಅನಾಥರು, ಮಾರಕ ಕಾಯಿಲೆಯಲ್ಲಿರುವ ತಂದೆ-ತಾಯಿಯ ಮಕ್ಕಳು ಇದರಡಿ ಬರುತ್ತಾರೆ. ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಬೇರೆಡೆ 96,000 ರೂಪಾಯಿ ಮೀರಿರಬಾರದು. ಅರ್ಜಿ ಬರೆಯಲು, ಬ್ಯಾಂಕ್ ಖಾತೆ ತೆರೆಸಲು ಆ ತಾಯಿಯ ಜೊತೆ ಅರ್ಧ ದಿನ ಓಡಾಡಿದರೆ ಮಗುವಿಗೆ ವರ್ಷಕ್ಕೆ 48,000 ರೂಪಾಯಿಯ ದಾರಿ ತೆರೆಯಬಹುದು. ಅಷ್ಟು ಹಣವನ್ನು ಕೈಯಿಂದ ಕೊಡಬಲ್ಲವರು ನಮ್ಮಲ್ಲಿ ಎಷ್ಟು ಮಂದಿ? ಸ್ವಂತ ಹಣದಿಂದಲೇ ಪ್ರಾಯೋಜಕರಾಗಬೇಕೆನ್ನುವವರು ಜಿಲ್ಲಾಧಿಕಾರಿಯ ಮೂಲಕ ಮುಂದೆ ಬರಲೂ ಇದೇ ಯೋಜನೆಯಲ್ಲಿ ಅವಕಾಶವಿದೆ.

ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿ. ಇದರ ಬೆಲೆ ಏನೆಂಬುದಕ್ಕೆ ಸಿದ್ದಿ ಮಕ್ಕಳೇ ಉದಾಹರಣೆ. ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರ ಈ ಸಂತತಿಗೆ ಉತ್ತರ ಕನ್ನಡದಲ್ಲಿ 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಬಂತು. ಪಕ್ಕದ ಧಾರವಾಡ, ಬೆಳಗಾವಿ ಜಿಲ್ಲೆಗಳ ಸಿದ್ದಿಗಳು ಅದಕ್ಕಾಗಿ 2020ರವರೆಗೆ ಕಾದರು. ಒಂದೇ ಕುಲ, ಒಂದೇ ಕಾಡು. ಜಿಲ್ಲೆಯ ಗಡಿ ದಾಟಿದ ಮಾತ್ರಕ್ಕೆ ವಿದ್ಯಾರ್ಥಿವೇತನವೂ ಹಾಸ್ಟೆಲೂ ದೂರ ಉಳಿದವು. ಆಫ್ರಿಕಾದ ಹಳ್ಳಿಯ ಮಗುವಿಗೆ ನೆರವಾಗಬೇಕೆಂದು ಜಾಹೀರಾತು ನೋಡುತ್ತಿರುವವರು ಈ ಮನೆಗಳನ್ನೂ ನೆನೆಯಲಿ ಎಂಬುದು ನನ್ನ ಆಸೆ. ಪ್ರಮಾಣಪತ್ರ ಕೈಸೇರಿದ ಮೇಲೆ ರಾಜ್ಯ ವಿದ್ಯಾರ್ಥಿವೇತನದ ಪೋರ್ಟಲ್‌ನಲ್ಲಿ ಅರ್ಜಿ ಹಾಕಿಸಿ. ಆಧಾರ್‌ನಲ್ಲೂ ಶಾಲೆಯ ದಾಖಲೆಯಲ್ಲೂ ಹೆಸರು ಒಂದೇ ರೀತಿ ಇದೆಯೇ ನೋಡಿ.

ಇಷ್ಟಾದ ಮೇಲೆ ನಿಮ್ಮ ಹಣ. ಸರ್ಕಾರಿ ಶಾಲೆಯಲ್ಲಿ ಪಠ್ಯಪುಸ್ತಕ, ಸಮವಸ್ತ್ರ, ಬಿಸಿಯೂಟ ಉಚಿತ. ಹುಡುಗಿಯರಿಗೆ ಶಕ್ತಿ ಯೋಜನೆಯಿಂದ ಬಸ್ ಟಿಕೆಟ್ ಖರ್ಚಿಲ್ಲ. ಹುಡುಗರಿಗೆ ಪಾಸ್ ಮಾಡಿಸಬೇಕು. ಕೊರತೆ ಬೀಳುವುದು ನೋಟ್‌ಬುಕ್, ಸ್ಯಾನಿಟರಿ ಪ್ಯಾಡ್, ಮಳೆಗಾಲದ ಚಪ್ಪಲಿ, ಎಸ್ಸೆಸ್ಸೆಲ್ಸಿ ವರ್ಷದ ಗಣಿತ-ಇಂಗ್ಲಿಷ್ ಪಾಠಕ್ಕೆ.

ಆರೋಗ್ಯದ್ದು ಇನ್ನೂ ಸೂಕ್ಷ್ಮ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬಂದು ಕಣ್ಣು, ಕಿವಿ, ಹೃದಯ, ರಕ್ತಹೀನತೆ ಎಲ್ಲ ನೋಡುತ್ತದೆ. ಅವರು ಬರೆದುಕೊಟ್ಟ ಚೀಟಿ ಮನೆಯ ಗೂಡಿನಲ್ಲಿ ಉಳಿದುಬಿಡುತ್ತದೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯಿದೆ. ಆದರೆ ಕಲಘಟಗಿಯ ಹಳ್ಳಿಯಿಂದ ಹುಬ್ಬಳ್ಳಿಯ ಕಿಮ್ಸ್‌ಗೆ ಮಗುವನ್ನು ಕರೆತರುವ ದಿನ ಅವ್ವನ ಕೂಲಿ ಹೋಗುತ್ತದೆ. ಆ ಕೂಲಿ, ಊಟ, ಆಸ್ಪತ್ರೆಯ ಹೊರಗೆ ಕೊಳ್ಳುವ ಔಷಧ ನಿಮ್ಮ ಪಾಲಾಗಲಿ. ಸಾಧ್ಯವಾದರೆ ಹೊರರೋಗಿ ವಿಭಾಗದ ಸಾಲಿನಲ್ಲಿ ಅವರ ಜೊತೆ ನಿಲ್ಲಿ. ಓದಲು ಬಾರದ ತಾಯಿಗೆ ಯಾವ ಕೊಠಡಿಗೆ ಹೋಗಬೇಕೆಂದು ಹೇಳುವ ಒಬ್ಬರಿದ್ದರೆ ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದಿಲ್ಲ.

ಸಂಸ್ಥೆಯ ಮೂಲಕ ಕೊಡುವುದಾದರೆ ಅದರ ನೋಂದಣಿ, ಲೆಕ್ಕಪರಿಶೋಧನೆಯ ವರದಿ ಕೇಳಿ. ಕೇಳಿದರೆ ಬೇಸರಪಡುವ ಸಂಸ್ಥೆಗೆ ಕೊಡಬೇಡಿ. 2,000 ರೂಪಾಯಿಗಿಂತ ಹೆಚ್ಚಿನ ನಗದು ದೇಣಿಗೆಗೆ ತೆರಿಗೆ ವಿನಾಯಿತಿ ಸಿಗದು. ಕುಟುಂಬಕ್ಕೆ ನೇರವಾಗಿ ಕೊಟ್ಟ ಹಣಕ್ಕೂ ಇಲ್ಲ.

ಮಗುವಿನ ಫೋಟೊ ತೆಗೆದು ವಾಟ್ಸ್‌ಆ್ಯಪ್‌ಗೆ ಹಾಕಬೇಡಿ. ಹಾರ-ಶಾಲಿನ ಸಮಾರಂಭ ಬೇಡ, ಅಂಕ ಕಡಿಮೆ ಬಂದಾಗ ಬೈಯುವ ಹಕ್ಕೂ ನಮಗಿಲ್ಲ. ಮಾತು ತಾಯಿ ಮತ್ತು ಮಾಸ್ತರರ ಜೊತೆ ಇರಲಿ. ಮಗುವಿಗೆ ಹೊಡೆತ, ದುಡಿತ, ಬಾಲ್ಯವಿವಾಹದ ಸುಳಿವು ಕಂಡರೆ ತಡಮಾಡದೆ 1098ಕ್ಕೆ ಕರೆ ಮಾಡಿ.

ಎಷ್ಟು ವರ್ಷ ಎಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳಿ. ಒಂದು ಜೂನ್‌ನಲ್ಲಿ ಕೊಟ್ಟು ಮುಂದಿನ ಜೂನ್‌ನಲ್ಲಿ ಮರೆಯುವುದಾದರೆ ಮಾತು ಕೊಡದಿರುವುದೇ ಮೇಲು. 18 ತುಂಬಿದಾಗ ಸರ್ಕಾರದ ತಿಂಗಳ ಹಣ ನಿಲ್ಲುತ್ತದೆ. ಪಿಯುಸಿ ಮುಗಿಸಿ ನರ್ಸಿಂಗೋ ಡಿಪ್ಲೊಮಾನೋ ಎಂದು ಹುಡುಗಿ ಯೋಚಿಸುವ, ಮನೆಯಲ್ಲಿ ಮದುವೆಯ ಮಾತು ಏಳುವ ವಯಸ್ಸು ಅದು. ಮೊದಲಿನಿಂದಲೂ ಪ್ರತಿ ತಿಂಗಳು ಸ್ವಲ್ಪ ತೆಗೆದಿಟ್ಟಿದ್ದರೆ ಆ ವರ್ಷದ ಕಾಲೇಜು ಫೀ ಮತ್ತು ಹಾಸ್ಟೆಲ್ ಠೇವಣಿ ಕಟ್ಟಲು ಆಗುತ್ತದೆ.