ಹೆಸರು ಹೇಳಿದರೆ ಸಾಲದು, ಟಿಕೆಟ್ ತೋರಿಸಬೇಕು: ಲ್ಯಾಬಿನ ಎನ್‌ಎಫ್‌ಎಸ್‌ಗೆ ಕರ್ಬರೋಸ್ ಕಾವಲು

ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ವಿದ್ಯಾರ್ಥಿ ಯಾವ ಯಂತ್ರದ ಮುಂದೆ ಕುಳಿತರೂ ತನ್ನ ಫೈಲುಗಳೇ ಸಿಗಬೇಕು. ಅದಕ್ಕಾಗಿ ಎಲ್ಲರ ಹೋಮ್ ಫೋಲ್ಡರುಗಳನ್ನು ಒಂದು ಲಿನಕ್ಸ್ ಸರ್ವರಿನಲ್ಲಿಟ್ಟು ಎನ್‌ಎಫ್‌ಎಸ್ ಮೂಲಕ ಹಂಚುವುದು ಬಹಳ ವರ್ಷಗಳಿಂದ ನಡೆದು ಬಂದ ರೂಢಿ. ಕೆಲಸ ಸಲೀಸು, ಖರ್ಚಿಲ್ಲ. ಆದರೆ ಹೀಗೆ ಹಂಚಿದ ಬಹುಪಾಲು ಕಡೆ ಒಂದು ದೊಡ್ಡ ಬಾಗಿಲು ತೆರೆದೇ ಇರುತ್ತದೆ.

ಎನ್‌ಎಫ್‌ಎಸ್ ನಡೆಯುವುದು ರಿಮೋಟ್ ಪ್ರೊಸೀಜರ್ ಕಾಲ್, ಅಂದರೆ ಆರ್‌ಪಿಸಿ ಮೇಲೆ. ಬೇರೆ ಯಂತ್ರದಲ್ಲಿರುವ ಕೆಲಸವನ್ನು ತನ್ನಲ್ಲೇ ಇರುವ ಫಂಕ್ಷನ್‌ನಂತೆ ಕರೆಯುವ ವಿಧಾನ ಅದು. 'ಈ ಫೈಲ್ ತೆರೆ', 'ಇಷ್ಟು ಬೈಟ್ ಓದು' ಎಂಬ ಪ್ರತಿ ಕರೆಯ ಜೊತೆ ಕರೆದವರು ಯಾರು ಎಂಬ ವಿವರವೂ ಹೋಗುತ್ತದೆ. ಸಾಮಾನ್ಯ ಜೋಡಣೆಯಲ್ಲಿ ಆ ವಿವರವೆಂದರೆ ಯೂಸರ್ ಐಡಿ ಎಂಬ ಒಂದು ಅಂಕಿ, ಗುಂಪಿನ ಅಂಕಿಗಳು ಹೆಚ್ಚೆಂದರೆ 16, ಅಷ್ಟೇ. ಸರ್ವರ್ ಅದನ್ನು ಪರೀಕ್ಷಿಸುವುದಿಲ್ಲ, ನಂಬುತ್ತದೆ. ಹಾಜರಿ ಕೂಗುವಾಗ ಹಿಂದಿನ ಬೆಂಚಿನಿಂದ ಗೆಳೆಯನ ಪರವಾಗಿ 'ಪ್ರೆಸೆಂಟ್ ಸರ್' ಅಂದರೆ ನಡೆದುಹೋಗುತ್ತದಲ್ಲ, ಹಾಗೆ. ತನ್ನ ಲ್ಯಾಪ್‌ಟಾಪನ್ನು ಲ್ಯಾಬಿನ ಕೇಬಲ್‌ಗೆ ಸಿಕ್ಕಿಸಿ, ಲ್ಯಾಬ್ ಯಂತ್ರದ ಐಪಿ ವಿಳಾಸ ಹಾಕಿಕೊಂಡು, ಮೇಷ್ಟರ ಯೂಸರ್ ಐಡಿಯ ಒಂದು ಖಾತೆ ತೆರೆದರೆ ಪ್ರಶ್ನೆಪತ್ರಿಕೆಯ ಫೋಲ್ಡರೂ ತೆರೆದುಕೊಳ್ಳುತ್ತದೆ. 'ರೂಟ್ ಸ್ಕ್ವಾಶ್ ಹಾಕಿದ್ದೇವೆ' ಎಂದು ನೆಮ್ಮದಿಯಿಂದ ಇರುವವರುಂಟು. ಅದು ತಡೆಯುವುದು ರೂಟ್ ಖಾತೆಯನ್ನು ಮಾತ್ರ, ಮೇಷ್ಟರ ಅಂಕಿ ಹಾಕಿಕೊಂಡು ಬಂದವನನ್ನಲ್ಲ.

ಇದಕ್ಕೆ ಮದ್ದು ಕರ್ಬರೋಸ್ ಟಿಕೆಟ್. ಎಂಐಟಿಯಲ್ಲಿ 1983ರಲ್ಲಿ ಶುರುವಾದ ಅಥೀನಾ ಯೋಜನೆಗೆ ಎದುರಾದದ್ದೂ ಇದೇ ಸಮಸ್ಯೆ: ಕ್ಯಾಂಪಸ್ ತುಂಬ ಯಂತ್ರಗಳು, ಅವುಗಳ ಮುಂದೆ ಯಾರು ಬೇಕಾದರೂ ಕೂರಬಹುದು. ರೋಜರ್ ನೀಡಮ್ ಮತ್ತು ಮೈಕೆಲ್ ಶ್ರೋಡರ್ 1978ರಲ್ಲಿ ಪ್ರಕಟಿಸಿದ ವಿಧಾನವನ್ನು ತಳಹದಿ ಮಾಡಿಕೊಂಡು ಅಲ್ಲಿನವರು ಕರ್ಬರೋಸ್ ಕಟ್ಟಿದರು. ಐದನೆಯ ಆವೃತ್ತಿ 1993ರಲ್ಲಿ ಆರ್‌ಎಫ್‌ಸಿ 1510 ಆಗಿ ಬಂತು, 2005ರಲ್ಲಿ ಆರ್‌ಎಫ್‌ಸಿ 4120 ಆಗಿ ಪರಿಷ್ಕರಣೆಗೊಂಡಿತು. ಅದನ್ನು ಆರ್‌ಪಿಸಿಗೆ ಹೊಲಿದದ್ದು 1997ರ ಆರ್‌ಎಫ್‌ಸಿ 2203. ಎಲ್ಲವೂ ಉಚಿತ, ಎಲ್ಲವೂ ಇಂದಿನ ಲಿನಕ್ಸ್‌ನಲ್ಲಿ ಸಿದ್ಧವಾಗಿದೆ. ಆದರೂ ನಮ್ಮ ಲ್ಯಾಬುಗಳು ಬಳಸಿಕೊಳ್ಳದಿರುವುದು ನನಗೆ ನಿಜವಾಗಿಯೂ ಬೇಸರದ ಸಂಗತಿ.

ಟಿಕೆಟ್ ಓಡಾಡುವ ದಾರಿ

ಜೋಡಣೆಗೆ ಕೈ ಹಾಕುವ ಮೊದಲು ಇದನ್ನು ತಿಳಿದುಕೊಳ್ಳಿ. ಮುಂದೆ ಬರುವ ಎರರ್‌ಗಳೆಲ್ಲ ಈ ದಾರಿಯ ಯಾವುದೋ ಒಂದು ತಿರುವಿನಲ್ಲಿ ಹುಟ್ಟುತ್ತವೆ.

ನಡುವೆ ಕೆಡಿಸಿ ಎಂಬ ಸರ್ವರ್ ಇರುತ್ತದೆ. ಪ್ರತಿ ಬಳಕೆದಾರರ ಕೀಲಿ, ಪ್ರತಿ ಸೇವೆಯ ಕೀಲಿ ಅದಕ್ಕೆ ಗೊತ್ತು. ವಿದ್ಯಾರ್ಥಿ ಲಾಗಿನ್ ಆದಾಗ ಆಕೆಯ ಯಂತ್ರ ಕೆಡಿಸಿಯನ್ನು ಕೇಳುತ್ತದೆ. ಉತ್ತರದಲ್ಲಿ ಎರಡು ಪೊಟ್ಟಣಗಳಿರುತ್ತವೆ. ಒಂದರಲ್ಲಿ ಆ ದಿನಕ್ಕೊಂದು ತಾತ್ಕಾಲಿಕ ಕೀಲಿ. ಅದನ್ನು ಆಕೆಯ ಪಾಸ್‌ವರ್ಡ್‌ನಿಂದ ಹುಟ್ಟಿದ ಕೀಲಿಯಿಂದ ಮಾತ್ರ ಬಿಚ್ಚಬಹುದು. ಇನ್ನೊಂದು ಮೂಲ ಟಿಕೆಟ್. ಅದು ಕೆಡಿಸಿಯ ಸ್ವಂತ ಕೀಲಿಯಲ್ಲಿ ಮುಚ್ಚಿರುವುದರಿಂದ ಆಕೆಗೂ ಒಳಗೇನಿದೆ ಕಾಣದು. ಪಾಸ್‌ವರ್ಡ್ ಒಮ್ಮೆಯೂ ನೆಟ್‌ವರ್ಕಿನ ಮೇಲೆ ಹೋಗುವುದಿಲ್ಲ.

ಫೈಲ್ ಬೇಕಾದಾಗ ಆಕೆಯ ಯಂತ್ರ ಮೂಲ ಟಿಕೆಟ್ ತೋರಿಸಿ ಎನ್‌ಎಫ್‌ಎಸ್ ಸೇವೆಗೆಂದೇ ಇನ್ನೊಂದು ಟಿಕೆಟ್ ಪಡೆಯುತ್ತದೆ. ಇದು ಫೈಲ್ ಸರ್ವರಿನ ಕೀಲಿಯಲ್ಲಿ ಮುಚ್ಚಿರುತ್ತದೆ. ಸರ್ವರ್ ತನ್ನ ಕೀಲಿಯಿಂದ ಅದನ್ನು ಬಿಚ್ಚಿದರೆ ಒಳಗೆ ಹೆಸರೂ ಇದೆ, ಇಬ್ಬರ ನಡುವಿನ ತಾತ್ಕಾಲಿಕ ಕೀಲಿಯೂ ಇದೆ. ಟಿಕೆಟ್ ಕದ್ದವನು ಅದನ್ನೇ ತೋರಿಸಿದರೆ? ಟಿಕೆಟ್ ಜೊತೆಗೆ ಈ ಕ್ಷಣದ ಸಮಯವನ್ನು ಆ ತಾತ್ಕಾಲಿಕ ಕೀಲಿಯಲ್ಲಿ ಮುಚ್ಚಿ ಕಳಿಸಬೇಕು. ಕದ್ದವನ ಬಳಿ ಆ ಕೀಲಿ ಇರುವುದಿಲ್ಲ. ಅಲ್ಲಿಂದಾಚೆ ಪ್ರತಿ ಆರ್‌ಪಿಸಿ ಕರೆಗೂ ಒಂದು ಕ್ರಮಸಂಖ್ಯೆ, ಒಂದು ಮುದ್ರೆ. ಹಳೆಯ ಕರೆಯನ್ನು ಹಿಡಿದಿಟ್ಟುಕೊಂಡು ಮತ್ತೆ ಕಳಿಸಿದರೂ ನಡೆಯುವುದಿಲ್ಲ.

ಮೊದಲು ಹೆಸರು, ಗಡಿಯಾರ

ಈ ಜೋಡಣೆಯಲ್ಲಿ ಜನ ಸೋಲುವುದು ಗೂಢಲಿಪಿಯಲ್ಲಿ ಅಲ್ಲ, ಯಂತ್ರಗಳ ಹೆಸರು ಮತ್ತು ಗಡಿಯಾರದಲ್ಲಿ. ಮೂರು ಯಂತ್ರ ತೆಗೆದುಕೊಳ್ಳಿ: ಕೆಡಿಸಿ, ಫೈಲ್ ಸರ್ವರ್, ಪ್ರಯೋಗಕ್ಕೊಂದು ಕ್ಲೈಂಟ್. ಮೂರಕ್ಕೂ ಪೂರ್ಣ ಹೆಸರು ಕೊಡಿ. ಇಲ್ಲಿ ಉದಾಹರಣೆಗೆ ಫೈಲ್ ಸರ್ವರನ್ನು ಫೈಲ್.ಲ್ಯಾಬ್.ಟೆಸ್ಟ್ ಎನ್ನೋಣ. ಹೆಸರು ಕೇಳಿದರೆ ವಿಳಾಸ, ವಿಳಾಸ ಕೇಳಿದರೆ ಅದೇ ಹೆಸರು ಬರಬೇಕು. ಡಿಎನ್‌ಎಸ್ ಇಲ್ಲದಿದ್ದರೆ ಮೂರೂ ಯಂತ್ರಗಳ ಹೋಸ್ಟ್ಸ್ ಫೈಲಿನಲ್ಲಿ ಬರೆಯಿರಿ, ಪೂರ್ಣ ಹೆಸರನ್ನು ಮೊದಲು, ತುಂಡು ಹೆಸರನ್ನು ಆಮೇಲೆ. ಉಬುಂಟು ಸ್ವಂತ ಹೆಸರನ್ನು 127.0.1.1ಕ್ಕೆ ಕಟ್ಟಿಟ್ಟಿರುತ್ತದೆ. ಆ ಸಾಲನ್ನು ನಿಜವಾದ ವಿಳಾಸಕ್ಕೆ ತಿದ್ದಿ.

ಗಡಿಯಾರದ ವ್ಯತ್ಯಾಸ 5 ನಿಮಿಷ ದಾಟಿದರೆ ಟಿಕೆಟ್ ತಿರಸ್ಕಾರವಾಗುತ್ತದೆ. ಎಲ್ಲ ಯಂತ್ರಗಳಲ್ಲೂ ಕ್ರೋನಿ ಹಾಕಿ, ಒಂದೇ ಮೂಲದಿಂದ ಸಮಯ ತೆಗೆದುಕೊಳ್ಳುವಂತೆ ಮಾಡಿ. ಬಯೋಸ್ ಬ್ಯಾಟರಿ ಸತ್ತ ಹಳೆಯ ಯಂತ್ರಗಳಿರುವ ಲ್ಯಾಬಿನಲ್ಲಿ ಇದನ್ನು ಮರೆತರೆ ವಾರಗಟ್ಟಲೆ ತಲೆನೋವು.

ಕೆಡಿಸಿ

ನಿಮ್ಮ ಸಂಸ್ಥೆಯಲ್ಲಿ ವಿಂಡೋಸ್ ಆಕ್ಟಿವ್ ಡೈರೆಕ್ಟರಿ ಈಗಾಗಲೇ ಇದ್ದರೆ ಈ ಹಂತ ಬೇಡ. ವಿಂಡೋಸ್ 2000ದಿಂದ ಅದರೊಳಗೆ ಕರ್ಬರೋಸ್ ಇದೆ. ಲಿನಕ್ಸ್ ಯಂತ್ರಗಳನ್ನು ಅದಕ್ಕೇ ಸೇರಿಸುವುದು ಜಾಣತನ.

ಇಲ್ಲದವರು ಡೆಬಿಯನ್ ಅಥವಾ ಉಬುಂಟುವಿನಲ್ಲಿ ಕೆಆರ್‌ಬಿ5 ಕೆಡಿಸಿ ಮತ್ತು ಅಡ್ಮಿನ್ ಸರ್ವರ್ ಪ್ಯಾಕೇಜುಗಳನ್ನು ಹಾಕಿ. ರೆಲ್ಮ್, ಅಂದರೆ ಈ ಕೆಡಿಸಿಯ ಆಡಳಿತಕ್ಕೊಳಪಟ್ಟ ವಲಯ, ಯಾವುದು ಎಂದು ಕೇಳಿದಾಗ ನಿಮ್ಮ ಡೊಮೇನ್ ಹೆಸರನ್ನೇ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಕೊಡಿ. ನ್ಯೂ ರೆಲ್ಮ್ ಕಮಾಂಡ್ ಓಡಿಸಿದಾಗ ಮಾಸ್ಟರ್ ಪಾಸ್‌ವರ್ಡ್ ಕೇಳುತ್ತದೆ. ಉದ್ದದ್ದು ಕೊಡಿ, ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ.

ಮುಂದೆ ಕೆ-ಅಡ್ಮಿನ್ ಲೋಕಲ್ ಒಳಗೆ ಹೋಗಿ ಕೆಡಿಸಿ ಗುರುತಿಸುವ ಹೆಸರುಗಳಾದ ಪ್ರಿನ್ಸಿಪಲ್‌ಗಳನ್ನು ಸೇರಿಸಿ. ಪ್ರತಿ ವಿದ್ಯಾರ್ಥಿಗೂ ಒಂದು, ಪಾಸ್‌ವರ್ಡ್ ಸಮೇತ. ಫೈಲ್ ಸರ್ವರಿಗೆ 'ಎನ್‌ಎಫ್‌ಎಸ್/ಫೈಲ್.ಲ್ಯಾಬ್.ಟೆಸ್ಟ್' ಮಾದರಿಯಲ್ಲಿ ಒಂದು, ಪ್ರತಿ ಕ್ಲೈಂಟ್‌ಗೂ ಅದರ ಹೆಸರಿನಲ್ಲಿ ಒಂದು. ಯಂತ್ರಗಳಿಗೆ ಪಾಸ್‌ವರ್ಡ್ ಬೇಡ, ಯಾದೃಚ್ಛಿಕ ಕೀಲಿಯ ಆಯ್ಕೆ ಕೊಡಿ. ಬಳಕೆದಾರರಿಗೆ ಪೂರ್ವದೃಢೀಕರಣ ಕಡ್ಡಾಯವಾಗಿದೆಯೇ ಎಂದು ಈಗಲೇ ನೋಡಿಕೊಳ್ಳಿ. ಅದಿಲ್ಲದಿದ್ದರೆ ಯಾರ ಹೆಸರು ಹೇಳಿ ಕೇಳಿದರೂ ಕೆಡಿಸಿ ಮುಚ್ಚಿದ ಪೊಟ್ಟಣ ಕೊಟ್ಟುಬಿಡುತ್ತದೆ. ಅದನ್ನು ಮನೆಗೊಯ್ದು ಬಿಡುವಾಗಿ ಪಾಸ್‌ವರ್ಡ್ ಊಹಿಸುತ್ತ ಕೂರಬಹುದು.

ಕೆಡಿಸಿಯಲ್ಲಿ ಬೇರೇನನ್ನೂ ಓಡಿಸಬೇಡಿ, ವೆಬ್‌ಸೈಟೂ ಬೇಡ, ಪ್ರಿಂಟರೂ ಬೇಡ. ಇಡೀ ಲ್ಯಾಬಿನ ಕೀಲಿಗಳೆಲ್ಲ ಅದರೊಳಗಿವೆ. ಫೈರ್‌ವಾಲಿನಲ್ಲಿ ಟಿಕೆಟ್‌ಗೆ 88, ಪಾಸ್‌ವರ್ಡ್ ಬದಲಾವಣೆಗೆ 464, ಆಡಳಿತಕ್ಕೆ 749 ಪೋರ್ಟ್ ತೆರೆಯಿರಿ. ಆಡಳಿತದ ಪೋರ್ಟ್ ನಿಮ್ಮ ಯಂತ್ರಕ್ಕಷ್ಟೇ ತೆರೆದಿರಲಿ.

ಫೈಲ್ ಸರ್ವರ್, ಕ್ಲೈಂಟ್

ಪ್ರತಿ ಯಂತ್ರದ ಕೀಲಿಯನ್ನು ಕೆಟಿ-ಆಡ್ ಕಮಾಂಡಿನಿಂದ ಕೀಟ್ಯಾಬ್ ಫೈಲಿಗಿಳಿಸಿ, ಆ ಯಂತ್ರದ ಈಟಿಸಿ ಫೋಲ್ಡರಿನಲ್ಲಿಡಿ. ರೂಟ್ ಬಿಟ್ಟು ಯಾರೂ ಓದದಂತೆ 600 ಅನುಮತಿ ಕೊಡಿ. ಸಾಗಿಸುವುದು ಎಸ್‌ಎಸ್‌ಎಚ್ ಮೂಲಕ ಮಾತ್ರ. ವಾಟ್ಸ್‌ಆಪ್‌ನಲ್ಲೋ ಇಮೇಲ್‌ನಲ್ಲೋ ಖಂಡಿತ ಬೇಡ.

ಸರ್ವರಿನ ಎಕ್ಸ್‌ಪೋರ್ಟ್ಸ್ ಫೈಲಿನಲ್ಲಿ ಭದ್ರತೆಯ ಆಯ್ಕೆ ಮೂರು ಬಗೆ. ಕೆಆರ್‌ಬಿ5 ಅಂದರೆ ಕರೆದವರು ಯಾರು ಎಂಬುದಕ್ಕಷ್ಟೇ ಪುರಾವೆ. ಕೊನೆಗೆ ಐ ಸೇರಿಸಿದರೆ ದಾರಿಯಲ್ಲಿ ಡೇಟಾ ತಿದ್ದಿದರೂ ಗೊತ್ತಾಗುತ್ತದೆ. ಪಿ ಸೇರಿಸಿದರೆ ಡೇಟಾ ಪೂರ್ತಿ ಗೂಢಲಿಪಿಯಲ್ಲೇ ಹೋಗುತ್ತದೆ. ಮೊದಲು ಬರೀ ಕೆಆರ್‌ಬಿ5 ಇಟ್ಟು ಕೆಲಸ ಮಾಡುತ್ತದೆಯೇ ನೋಡಿ, ಆಮೇಲೆ ಪಿಗೆ ಏರಿಸಿ. ವಿದ್ಯಾರ್ಥಿಗಳ ಲ್ಯಾಬಿಗೆ ಪಿಯೇ ಸರಿ ಎನ್ನುವುದು ನನ್ನ ಅಭಿಪ್ರಾಯ. ವೇಗ ಕೊಂಚ ತಗ್ಗಿದರೂ ಈಗಿನ ಪ್ರೊಸೆಸರುಗಳಿಗೆ ಅದು ಹೊರೆಯಲ್ಲ. ಆದರೆ ಸಾಲಿನಲ್ಲಿ ಬರೀ ಅಂಕಿಯನ್ನು ನಂಬುವ ಹಳೆಯ 'ಸಿಸ್' ಆಯ್ಕೆಯನ್ನೂ ಉಳಿಸಿಕೊಂಡರೆ ಇಷ್ಟೆಲ್ಲ ಮಾಡಿದ್ದೂ ವ್ಯರ್ಥ. ಕಳ್ಳ ಆ ಬಾಗಿಲಿನಿಂದಲೇ ಬರುತ್ತಾನೆ.

ಕ್ಲೈಂಟಿನಲ್ಲಿ ಎನ್‌ಎಫ್‌ಎಸ್ ಕಾಮನ್ ಮತ್ತು ಕೆಆರ್‌ಬಿ5 ಯೂಸರ್ ಪ್ಯಾಕೇಜುಗಳು ಬೇಕು. ಕರ್ನೆಲ್ ಟಿಕೆಟ್ ಕೇಳುವುದು ಆರ್‌ಪಿಸಿ ಜಿಎಸ್‌ಎಸ್‌ಡಿ ಎಂಬ ಸೇವೆಯ ಮೂಲಕ, ಅದು ಓಡುತ್ತಿದೆಯೇ ನೋಡಿ. ಎನ್‌ಎಫ್‌ಎಸ್ 4ನೇ ಆವೃತ್ತಿಯಲ್ಲಿ, ಅದೇ ಭದ್ರತೆಯ ಆಯ್ಕೆ ಕೊಟ್ಟು ಮೌಂಟ್ ಮಾಡಿ. ಈ ಆವೃತ್ತಿಗೆ 2049 ಒಂದೇ ಪೋರ್ಟ್ ಸಾಕು. ವಿದ್ಯಾರ್ಥಿಯ ಖಾತೆಗೆ ಬದಲಾಗಿ ಟಿಕೆಟ್ ಇಲ್ಲದೆ ಫೋಲ್ಡರ್ ನೋಡಲು ಹೋಗಿ: ಪರ್ಮಿಷನ್ ಡಿನೈಡ್ ಬರಬೇಕು. ಕೆ-ಇನಿಟ್ ಕೊಟ್ಟು ಪಾಸ್‌ವರ್ಡ್ ಹಾಕಿ ಮತ್ತೆ ನೋಡಿ: ಫೈಲುಗಳು ಕಾಣಬೇಕು. ಕೆ-ಲಿಸ್ಟ್ ಕೊಟ್ಟರೆ ಮೂಲ ಟಿಕೆಟ್, ಎನ್‌ಎಫ್‌ಎಸ್ ಟಿಕೆಟ್ ಎರಡೂ ಅವಧಿ ಸಮೇತ ಕಾಣುತ್ತವೆ. ಮೊದಲಿನ ನಿರಾಕರಣೆ ಬಾರದೆ ಟಿಕೆಟ್ ಇಲ್ಲದೆಯೇ ಫೈಲ್ ಕಂಡರೆ ನಿಮ್ಮ ಕಾವಲು ಇನ್ನೂ ನಿಂತಿಲ್ಲ.

ವಿದ್ಯಾರ್ಥಿಗಳು ಕೈಯಾರೆ ಕೆ-ಇನಿಟ್ ಕೊಡುವುದು ಬೇಡವೆಂದರೆ ಪ್ಯಾಮ್ ಕೆಆರ್‌ಬಿ5 ಅಥವಾ ಎಸ್‌ಎಸ್‌ಎಸ್‌ಡಿ ಹಾಕಿ, ಲಾಗಿನ್ ಆದ ಕೂಡಲೇ ಟಿಕೆಟ್ ಸಿಗುತ್ತದೆ.

ಎಡವುವ ಜಾಗಗಳು

ಫೈಲುಗಳ ಒಡೆಯ 'ನೋಬಡಿ' ಎಂದು ಕಂಡರೆ ಐಡಿಮ್ಯಾಪ್‌ಡಿ ಫೈಲಿನಲ್ಲಿ ಡೊಮೇನ್ ಎರಡೂ ಕಡೆ ಒಂದೇ ಇದೆಯೇ ನೋಡಿ. ಕರ್ಬರೋಸ್ ಹೇಳುವುದು ಹೆಸರು ಮಾತ್ರ, ಯೂಸರ್ ಐಡಿ ಅಲ್ಲ. ಆ ಹೆಸರಿನ ಖಾತೆ ಸರ್ವರಿನಲ್ಲೂ ಇರಬೇಕು. 'ಡೇಟಾಬೇಸಿನಲ್ಲಿ ಸರ್ವರ್ ಇಲ್ಲ' ಎಂಬ ಎರರ್ ಬಂದರೆ ಅದು ಹೆಚ್ಚಾಗಿ ಹೆಸರಿನ ಗೊಂದಲ.

ನಿನ್ನೆ ಸರಿಯಿದ್ದದ್ದು ಇಂದು ಕೆಟ್ಟರೆ, ಕೆಟಿ-ಆಡ್ ಅನ್ನು ಯಾರಾದರೂ ಮತ್ತೊಮ್ಮೆ ಓಡಿಸಿದರೇ ಎಂದು ವಿಚಾರಿಸಿ. ಪ್ರತಿ ಬಾರಿಯೂ ಅದು ಹೊಸ ಕೀಲಿ ಹುಟ್ಟಿಸುತ್ತದೆ, ಹಳೆಯ ಕೀಟ್ಯಾಬ್ ಕೆಲಸಕ್ಕೆ ಬಾರದಾಗುತ್ತದೆ.

ಎಸ್‌ಎಸ್‌ಎಚ್ ಪಬ್ಲಿಕ್ ಕೀ ಬಳಸಿ ಲಾಗಿನ್ ಆಗುವವರಿಗೆ ಟಿಕೆಟ್ ಬರುವುದೇ ಇಲ್ಲ. ಕೀ ಪಟ್ಟಿ ಇರುವ ಹೋಮ್ ಫೋಲ್ಡರನ್ನೇ ಸರ್ವರ್ ತೋರಿಸುವುದಿಲ್ಲವಾದ್ದರಿಂದ ಲಾಗಿನ್ ಸೋಲುತ್ತದೆ. ಅಂಥವರು ಪಾಸ್‌ವರ್ಡ್‌ನಿಂದ ಅಥವಾ ಟಿಕೆಟ್ ಮುಂದಕ್ಕೆ ಕಳಿಸುವ ಜಿಎಸ್‌ಎಸ್-ಎಪಿಐ ವಿಧಾನದಿಂದ ಬರಬೇಕು.

ಒಂದು ಮಿತಿ ತಿಳಿದಿರಲಿ. ಕ್ಲೈಂಟಿನ ರೂಟ್ ಅಧಿಕಾರ ಯಾರ ಕೈಗಾದರೂ ಸಿಕ್ಕರೆ, ಆ ಯಂತ್ರದಲ್ಲಿ ಆಗ ಲಾಗಿನ್ ಆಗಿರುವವರ ಟಿಕೆಟ್‌ಗಳನ್ನು ಅವರು ಕದಿಯಬಹುದು. ಲಾಗಿನ್ ಆಗದವರ ಫೈಲು ಮಾತ್ರ ಸಿಗದು. ಹಿಂದಿನ ಸ್ಥಿತಿಗೆ ಹೋಲಿಸಿದರೆ ಇದೇ ದೊಡ್ಡ ರಕ್ಷಣೆ. ಇನ್ನೊಂದು, ಕೆ-ಡಿಸ್ಟ್ರಾಯ್ ಕೊಟ್ಟ ಮೇಲೂ ಕರ್ನೆಲ್ ಸರ್ವರಿನೊಡನೆ ಆಗಲೇ ಆದ ಹಳೆಯ ಒಪ್ಪಂದವನ್ನು ಕೆಲಕಾಲ ಹಿಡಿದಿಟ್ಟುಕೊಳ್ಳುತ್ತದೆ. ಹಂಚಿಕೊಂಡ ಯಂತ್ರಗಳಲ್ಲಿ ಜಿಎಸ್‌ಎಸ್‌ಡಿಗೆ ಕಾಲಮಿತಿಯ ಆಯ್ಕೆ ಕೊಟ್ಟು ಅದನ್ನು ಮೊಟಕುಗೊಳಿಸಿ.

ರಾತ್ರಿಯಿಡೀ ಓಡುವ ಪ್ರೋಗ್ರಾಮುಗಳಿಗೆ ನಡುವೆ ಟಿಕೆಟ್ ಅವಧಿ ಮುಗಿದು ಫೈಲ್ ಬರೆಯಲಾಗದೆ ನಿಲ್ಲುವುದುಂಟು. ಪ್ರಾಜೆಕ್ಟ್ ಮಾಡುವ ಅಂತಿಮ ವರ್ಷದವರಿಗೆ ನವೀಕರಿಸಬಹುದಾದ ಟಿಕೆಟ್ ಕೊಡಿ, ಅವಧಿ ಮುಗಿಯುವ ಮೊದಲು ಕೆ-ಇನಿಟ್‌ನ ನವೀಕರಣ ಆಯ್ಕೆ ಓಡಿಸಲು ಹೇಳಿಕೊಡಿ. ಅದೂ ಸಾಲದ ದೀರ್ಘ ಕೆಲಸಗಳಿಗೆ ಪ್ರತ್ಯೇಕ ಪ್ರಿನ್ಸಿಪಲ್, ಅದಕ್ಕೊಂದು ಕೀಟ್ಯಾಬ್, ಬೇಕಾದ ಒಂದೇ ಫೋಲ್ಡರಿಗೆ ಅನುಮತಿ ಕೊಟ್ಟು, ಸೆಮಿಸ್ಟರ್ ಮುಗಿದ ದಿನ ಆ ಪ್ರಿನ್ಸಿಪಲನ್ನು ಅಳಿಸಿಬಿಡಿ.