ಗಾಡಿ ಯಾಕ ಚಾಲೂ ಆಗವಲ್ದು? ಹಳೆಯ ಎಕ್ಸೆಲ್ ಗಾಡಿಯ ತೊಂದರೆ ಹುಡುಕುವ ಪಾಠ



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದ ಹಳ್ಳಿಗಳಲ್ಲಿ ಟಿವಿಎಸ್ ಎಕ್ಸೆಲ್ ಗಾಡಿ ಅಂದರೆ ಮನೆಯ ಎತ್ತು ಇದ್ದ ಹಾಗೆ. ನಿಂಬೆಹಣ್ಣಿನ ಚೀಲ, ಹಾಲಿನ ಕ್ಯಾನು, ಕಾಯಿಪಲ್ಲೆ ಬುಟ್ಟಿ, ಮೇವಿನ ಹೊರೆ ಎಲ್ಲವನ್ನೂ ಅದೇ ಹೊರಬೇಕು. ಸಂಘದಿಂದ ಸಾಲ ತೆಗೆದು ಹಳೆಯ ಗಾಡಿ ಕೊಂಡ ಸದಸ್ಯೆಯರೂ ಇದ್ದಾರೆ. ಸಂತಿ ದಿನ ಅದು ಹಾದಿಯಲ್ಲಿ ನಿಂತರೆ ಕಾಯಿಪಲ್ಲೆ ಬಾಡುತ್ತದೆ, ಹಾಲು ಒಡೆಯುತ್ತದೆ, ಅವತ್ತಿನ ದುಡಿಮೆ ಹೋಗುತ್ತದೆ. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ಈ ಪಾಠದ ಉದ್ದೇಶ ನಿಮ್ಮನ್ನು ಮೆಕ್ಯಾನಿಕ್ ಮಾಡುವುದಲ್ಲ. ತೊಂದರೆ ಎಲ್ಲಿದೆ ಎಂದು ಕ್ರಮವಾಗಿ ಹುಡುಕುವುದು, ಸಣ್ಣದನ್ನು ನಾವೇ ಸರಿ ಮಾಡಿಕೊಳ್ಳುವುದು, ದೊಡ್ಡದಾದರೆ ಮೇಸ್ತ್ರಿಗೆ ಸರಿಯಾಗಿ ಹೇಳುವುದು. ಇಷ್ಟು ಕಲಿತರೆ ಸಾಕು.

ಅಕ್ಕ–ತಂಗಿ ಮಾತುಕತೆ

ತಂಗಿ: ಅಕ್ಕಾ, ನನ್ನ ಗಾಡಿ ಮುಂಜಾನೆ ಒಂದ ಕಿಕ್ಕಿಗೆ ಚಾಲೂ ಆಗ್ತದ. ಆರೇಳು ಕಿಲೋಮೀಟರ್ ಹೋದ್ರ ನಿಂತ ಬಿಡ್ತದ. ಎಷ್ಟ ಕಿಕ್ ಹೊಡೆದ್ರೂ ಇಲ್ಲ.

ಅಕ್ಕ: ಮೇಸ್ತ್ರಿಗೆ ತೋರಿಸಿಲ್ಲೇನು?

ತಂಗಿ: ಮೂರು ಸಲ ತೋರಿಸೀನಿ. ಅವರ ಅಂಗಡಿ ಮುಟ್ಟೂದ್ರಾಗ ಅದು ತಾನ ಚಾಲೂ ಆಗಿರ್ತದ! ಒಂದ್ಸಲ ಪ್ಲಗ್ ಬದಲಿ ಮಾಡಿದ್ರು, ಒಂದ್ಸಲ ಕಾರ್ಬೊರೇಟರ್ ಬಿಚ್ಚಿ ತೊಳೆದ್ರು, ಒಂದ್ಸಲ ಪೆಟ್ರೋಲ್ ಪೈಪ್ ಹಾಕಿದ್ರು. ರೊಕ್ಕ ಹೋತು, ತೊಂದರೆ ಹಂಗೇ ಅದ.

ಅಕ್ಕ: ನಿಂತ ಜಾಗಾದಾಗ ಏನರ ನೋಡಿಯೇನು?

ತಂಗಿ: ಏನ ನೋಡ್ಲಿ ಅಕ್ಕಾ? ಕಿಕ್ ಹೊಡೀತೀನಿ, ಅಳ್ತೀನಿ, ದಬ್ಬಿಕೊಂಡ ಹೋಗ್ತೀನಿ.

ಈ ತಂಗಿಯ ಕಷ್ಟ ನಮ್ಮಲ್ಲಿ ಬಹಳ ಜನರಿಗೆ ಗೊತ್ತು. ಅವಳ ಗಾಡಿಗೆ ಏನಾಗಿತ್ತು ಎಂಬುದನ್ನು ಮುಂದೆ ನೋಡೋಣ. ಮೊದಲು ಹುಡುಕುವ ಕ್ರಮ ಕಲಿಯೋಣ.

ಶುಭಸಂದೇಶದಲ್ಲಿ ಯೇಸುಸ್ವಾಮಿ ಹತ್ತು ನಾಣ್ಯಗಳ ಹೆಂಗಸಿನ ಕಥೆ ಹೇಳುತ್ತಾರೆ. ಒಂದು ನಾಣ್ಯ ಕಳೆದಾಗ ಅವಳು ಸುಮ್ಮನೆ ಕೂಡಲಿಲ್ಲ. ದೀಪ ಹಚ್ಚಿ, ಮನೆ ಗುಡಿಸಿ, ಸಿಗುವ ತನಕ ಹುಡುಕಿದಳು. ಗಾಡಿಯ ತೊಂದರೆಯನ್ನೂ ಹಾಗೇ ಹುಡುಕಬೇಕು.

ಎಂಜಿನ್ನಿಗೆ ಬೇಕಾದದ್ದು ಮೂರು

ಒಲೆ ಉರಿಯಬೇಕಾದರೆ ಸೌದೆ, ಗಾಳಿ, ಬೆಂಕಿಕಡ್ಡಿ ಬೇಕಲ್ಲವೇ? ಎಂಜಿನ್ನಿಗೂ ಪೆಟ್ರೋಲ್, ಗಾಳಿ, ಕಿಡಿ ಬೇಕು. ಕಿಡಿಗೆ ಮೇಸ್ತ್ರಿಗಳು ‘ಕರೆಂಟ್’ ಅನ್ನುತ್ತಾರೆ. ಇವುಗಳ ಜೊತೆ ಒಳಗೆ ಒತ್ತಡವೂ ಇರಬೇಕು. ಗಾಡಿ ಚಾಲೂ ಆಗದಿದ್ದರೆ ಇವುಗಳಲ್ಲಿ ಯಾವುದೋ ಒಂದು ಇಲ್ಲ ಎಂದೇ ಅರ್ಥ. ಒಂದು ಸಲಕ್ಕೆ ಒಂದನ್ನೇ ನೋಡಿ. ನಾಲ್ಕು ಸಾಮಾನು ಒಟ್ಟಿಗೆ ಬದಲಿ ಮಾಡಿದರೆ ತೊಂದರೆ ಯಾವುದರಲ್ಲಿ ಇತ್ತು ಎಂದು ಕೊನೆಗೂ ಗೊತ್ತಾಗುವುದಿಲ್ಲ.

ಮೊದಲ ಹೆಜ್ಜೆ: ಪೆಟ್ರೋಲ್

1. ಕೀಲಿ ಆನ್ ಇದೆಯೇ? ಪೆಟ್ರೋಲ್ ಕಾಕ್ ತೆರೆದಿದೆಯೇ? ರಿಸರ್ವಿಗೆ ತಿರುಗಿಸಿ ನೋಡಿ. ನಗಬೇಡಿ, ಬಹಳ ಸಲ ತೊಂದರೆ ಇಷ್ಟೇ ಇರುತ್ತದೆ.

2. ಟಾಕಿಯ ಮುಚ್ಚಳದಲ್ಲಿ ಗಾಳಿ ಹೋಗಲು ಸಣ್ಣ ತೂತು ಇರುತ್ತದೆ. ನಮ್ಮ ಎರೆ ಹೊಲದ ಧೂಳು ಅದನ್ನು ಮುಚ್ಚಿದರೆ ಪೆಟ್ರೋಲ್ ಕೆಳಗೆ ಇಳಿಯುವುದಿಲ್ಲ. ಗಾಡಿ ಸ್ವಲ್ಪ ದೂರ ಓಡಿ ನಿಲ್ಲುತ್ತದೆ. ನಿಂತಾಗ ಮುಚ್ಚಳ ಬಿಚ್ಚಿ. ‘ಸ್ಸ್’ ಎಂದು ಗಾಳಿ ಎಳೆದುಕೊಂಡು, ಆಮೇಲೆ ಗಾಡಿ ಚಾಲೂ ಆದರೆ ತೊಂದರೆ ಅದೇ. ತೂತು ಸ್ವಚ್ಛ ಮಾಡಿದರೆ ಸಾಕು.

3. ಬಹಳ ದಿನ ನಿಂತ ಗಾಡಿಯಾದರೆ ಹಳೆಯ ಪೆಟ್ರೋಲ್ ತೆಗೆದುಹಾಕಿ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತದೆ. ಎಥೆನಾಲ್ ಗಾಳಿಯ ತೇವ ಹೀರುತ್ತದೆ, ಹಳೆಯ ರಬ್ಬರ್ ಪೈಪನ್ನು ಮೆತ್ತಗೆ ಮಾಡುತ್ತದೆ. ಪೈಪು ಉಬ್ಬಿದ್ದರೆ, ಸೀಳಿದ್ದರೆ ಬದಲಿಸಿ.

4. ಕಿಕ್ ಹೊಡೆದು ಹೊಡೆದು ಪೆಟ್ರೋಲ್ ವಾಸನೆ ಬರುತ್ತಿದ್ದರೆ ಒಳಗೆ ಪೆಟ್ರೋಲ್ ಹೆಚ್ಚಾಗಿದೆ. ಚೋಕ್ ಹಾಕಬೇಡಿ. ಕಾಕ್ ಬಂದ್ ಮಾಡಿ, ಕೀಲಿ ಆಫ್ ಮಾಡಿ, ಪ್ಲಗ್ ಬಿಚ್ಚಿ ಒರೆಸಿ. ಎಕ್ಸಲೇಟರ್ ಪೂರ್ತಿ ತಿರುಗಿಸಿ ಹಿಡಿದು ಎಂಟು–ಹತ್ತು ಕಿಕ್ ಹೊಡೆಯಿರಿ. ಹತ್ತು ನಿಮಿಷ ಬಿಟ್ಟು ಪ್ಲಗ್ ಹಾಕಿ ಚಾಲೂ ಮಾಡಿ.

ಎರಡನೆಯ ಹೆಜ್ಜೆ: ಕಿಡಿ

ಪೆಟ್ರೋಲ್ ಕಾಕ್ ಬಂದ್ ಮಾಡಿ. ಪ್ಲಗ್ ಪಾನಾದಿಂದ ಪ್ಲಗ್ ಬಿಚ್ಚಿ, ಮತ್ತೆ ಅದರ ಕ್ಯಾಪಿಗೆ ಸಿಕ್ಕಿಸಿ. ಪ್ಲಗ್ಗಿನ ಲೋಹದ ಭಾಗ ಎಂಜಿನ್ನಿನ ಲೋಹಕ್ಕೆ ಗಟ್ಟಿಯಾಗಿ ತಾಗುವಂತೆ ಇಡಿ. ಪ್ಲಗ್ ಬಿಚ್ಚಿದ ತೂತಿನಿಂದ ದೂರ ಇರಲಿ, ಯಾಕೆಂದರೆ ಅಲ್ಲಿಂದ ಪೆಟ್ರೋಲ್ ಆವಿ ಹೊರಗೆ ಬರುತ್ತದೆ. ಪ್ಲಗ್ಗನ್ನು ಬರಿಗೈಲಿ ಮುಟ್ಟಬೇಡಿ, ಶಾಕ್ ಹೊಡೆಯುತ್ತದೆ. ಕೀಲಿ ಆನ್ ಮಾಡಿ ಕಿಕ್ ಹೊಡೆಯಿರಿ. ನೆರಳಿನಲ್ಲಿ ನೋಡಿದರೆ ಚೆನ್ನಾಗಿ ಕಾಣುತ್ತದೆ.

ನೀಲಿ ಬಣ್ಣದ ಜೋರು ಕಿಡಿ ಬಂದರೆ ಸರಿ. ಹಳದಿ ಅಥವಾ ಕೆಂಪು ಬಣ್ಣದ ಸಣ್ಣ ಕಿಡಿಯಾದರೆ ಶಕ್ತಿ ಸಾಲದು. ಕಿಡಿಯೇ ಇಲ್ಲದಿದ್ದರೆ ಒಳ್ಳೆಯ ಪ್ಲಗ್ ಹಾಕಿ ನೋಡಿ. ಆಗಲೂ ಇಲ್ಲದಿದ್ದರೆ ಪ್ಲಗ್ ಕ್ಯಾಪ್, ವೈರ್ ನೋಡಿ. ಮಳೆಯಲ್ಲಿ ಕ್ಯಾಪಿನೊಳಗೆ ನೀರು ಹೋಗಿದ್ದರೆ ಒರೆಸಿ ಒಣಗಿಸಿ. ಇಷ್ಟಾದರೂ ಕಿಡಿ ಬಾರದಿದ್ದರೆ ಕಾಯಿಲ್, ಸಿಡಿಐ ಅಥವಾ ಮ್ಯಾಗ್ನೆಟ್ ಕಡೆಯ ತೊಂದರೆ. ಅದು ಮೇಸ್ತ್ರಿಯ ಕೆಲಸ.

ಪ್ಲಗ್ಗಿನ ಎರಡು ತುದಿಗಳ ನಡುವಿನ ಸಂದು ಸಾಮಾನ್ಯವಾಗಿ 0.6ರಿಂದ 0.7 ಮಿ.ಮೀ. ಇರಬೇಕು. ಕಬ್ಬಿಣ ಕೊಯ್ಯುವ ಹ್ಯಾಕ್ಸಾ ಬ್ಲೇಡಿನ ಹಲ್ಲಿಲ್ಲದ ಅಂಚು ಹೆಚ್ಚುಕಡಿಮೆ ಅಷ್ಟೇ ದಪ್ಪ. ಅದು ಸಂದಿನಲ್ಲಿ ತುಸು ಬಿಗಿಯಾಗಿ ಹೋದರೆ ಅಳತೆ ಸರಿ.

ಪ್ಲಗ್ಗಿನ ಬಣ್ಣವೂ ಮಾತಾಡುತ್ತದೆ:
• ಕಾಫಿ ಬಣ್ಣ: ಎಲ್ಲ ಸರಿ ಇದೆ.
• ಒಣ ಕಪ್ಪು ಮಸಿ: ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ. ಏರ್ ಫಿಲ್ಟರ್ ನೋಡಿ.
• ಎಣ್ಣೆ ಹತ್ತಿದ ಕಪ್ಪು: ಎಣ್ಣೆ ಹೆಚ್ಚಾಗಿದೆ, ಅಥವಾ ಒಳಗೆ ರಿಂಗ್ ಸವೆದಿದೆ.
• ಸುಣ್ಣದಂತೆ ಬಿಳಿ: ಎಂಜಿನ್ ಬಹಳ ಕಾಯುತ್ತಿದೆ. ಹಾಗೇ ಓಡಿಸಬೇಡಿ.

ಮೂರನೆಯ ಹೆಜ್ಜೆ: ಗಾಳಿ ಮತ್ತು ಒತ್ತಡ

ಧೂಳಿನ ಹಾದಿಯಲ್ಲಿ ಓಡುವ ಗಾಡಿಯ ಏರ್ ಫಿಲ್ಟರ್ ಬೇಗ ಕಟ್ಟುತ್ತದೆ. ಸ್ಪಂಜಿನದಾದರೆ ಸಾಬೂನು ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಒಂದೆರಡು ಹನಿ ಎಂಜಿನ್ ಎಣ್ಣೆ ಸವರಿ ಹಾಕಿ. ಕಾಗದದ್ದಾದರೆ ತೊಳೆಯಬೇಡಿ, ಧೂಳು ಕೊಡವಿ. ಬಹಳ ಕಪ್ಪಾಗಿದ್ದರೆ ಹೊಸದು ಹಾಕಿಸಿ. ಎಂಜಿನ್ನಿನ ಮೇಲಿನ ಲೋಹದ ಪಟ್ಟಿಗಳ ನಡುವೆ ಒಣಗಿದ ಮಣ್ಣು ಕೂತಿದ್ದರೆ ಕೆರೆದು ತೆಗೆಯಿರಿ. ಆ ಪಟ್ಟಿಗಳಿಗೆ ಗಾಳಿ ತಾಗಿದರೇ ಎಂಜಿನ್ ತಣ್ಣಗಾಗುವುದು.

ಕಿಕ್ ಹೊಡೆದಾಗ ಕಾಲಿಗೆ ಬಿಗಿ ಹತ್ತದೆ ಸಡಿಲವಾಗಿ ಕೆಳಗೆ ಹೋದರೆ ಒತ್ತಡ ಇಲ್ಲ. ರಿಂಗ್, ಪಿಸ್ಟನ್ ಸವೆದಿರಬಹುದು. ಇದನ್ನು ಮೇಸ್ತ್ರಿಗೇ ಬಿಡಿ.

ಎಣ್ಣೆಯ ಲೆಕ್ಕ

ಹಳೆಯ ಎಕ್ಸೆಲ್ ಗಾಡಿಗಳು ಎರಡು ಸ್ಟ್ರೋಕಿನವು. ಅವಕ್ಕೆ ಪೆಟ್ರೋಲಿನಲ್ಲೇ 2ಟಿ ಎಣ್ಣೆ ಬೆರೆಸಬೇಕು, ಸಾಮಾನ್ಯವಾಗಿ ಲೀಟರಿಗೆ 20 ಮಿ.ಲೀ. ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಅಳತೆ ಇದ್ದರೆ ಅದನ್ನೇ ಪಾಲಿಸಿ. ಎಣ್ಣೆ ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಹೆಚ್ಚಾದರೆ ಪ್ಲಗ್ ಮಸಿಯಾಗುತ್ತದೆ, ಸೈಲೆನ್ಸರ್ ಕಟ್ಟಿ ಗಾಡಿ ಎಳೆಯುವುದಿಲ್ಲ. 2015ರಲ್ಲಿ ಬಂದ ಎಕ್ಸೆಲ್ 100 ನಾಲ್ಕು ಸ್ಟ್ರೋಕಿನದು. ಅದರ ಎಣ್ಣೆ ಎಂಜಿನ್ನಿನಲ್ಲಿ ಬೇರೆ ಇರುತ್ತದೆ, ಪೆಟ್ರೋಲಿಗೆ ಬೆರೆಸಬಾರದು. 2020ರಿಂದ ಬಂದ ಬಿಎಸ್-6 ಗಾಡಿಗಳಲ್ಲಿ ಕಾರ್ಬೊರೇಟರ್ ಇಲ್ಲ. ಅವುಗಳ ವೈರು, ಪಂಪು ಬಿಚ್ಚಲು ಹೋಗಬೇಡಿ.

ತಂಗಿಯ ಗಾಡಿಗೆ ಏನಾಗಿತ್ತು?

ಅಕ್ಕ ಅವಳಿಗೆ ಒಂದೇ ಮಾತು ಹೇಳಿದಳು: “ತಣ್ಣಗಾದ ಮ್ಯಾಲೆ ನೋಡಬ್ಯಾಡ. ನಿಂತ ಕೂಡಲೆ, ನಿಂತಲ್ಲೇ ನೋಡು.”

ಮುಂದಿನ ಸಲ ಗಾಡಿ ನಿಂತಾಗ ತಂಗಿ ಟಾಕಿ ಮುಚ್ಚಳ ಬಿಚ್ಚಿದಳು. ಗಾಳಿಯ ಸಪ್ಪಳ ಇಲ್ಲ. ಪೆಟ್ರೋಲ್ ಇಳಿಯುತ್ತಿತ್ತು. ಕಾದ ಪ್ಲಗ್ಗನ್ನು ದಪ್ಪ ಬಟ್ಟೆ ಹಿಡಿದು ಬಿಚ್ಚಿ, ಚೀಲದಲ್ಲಿದ್ದ ಹೊಸ ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ ನೋಡಿದಳು. ಕಿಡಿ ಇಲ್ಲ! ಬೇವಿನ ಗಿಡದ ನೆರಳಿಗೆ ಅರ್ಧ ತಾಸು ಕೂತು ಮತ್ತೆ ನೋಡಿದಳು. ನೀಲಿ ಕಿಡಿ ಬಂತು. ಮೇಸ್ತ್ರಿಗೆ ಹೋಗಿ, “ಕಾದಾಗ ಕಿಡಿ ಇರೂದಿಲ್ರಿ, ತಣ್ಣಗಾದ ಮ್ಯಾಲೆ ಬರ್ತದ್ರಿ. ಪ್ಲಗ್ ಹೊಸಾದು ಹಾಕಿ ನೋಡೀನ್ರಿ” ಎಂದಳು. ಅವರು ತಕ್ಷಣ ಕಾಯಿಲ್ ಕಡೆಗೆ ಕೈ ಹಾಕಿದರು. ಕಾದಾಗ ಒಳಗಿನ ತಂತಿ ಬಿಟ್ಟುಕೊಳ್ಳುತ್ತಿತ್ತು. ಕಾಯಿಲ್ ಬದಲಿಸಿದ ಮೇಲೆ ಗಾಡಿ ಹಾದಿಯಲ್ಲಿ ನಿಲ್ಲಲಿಲ್ಲ.

ಮೇಸ್ತ್ರಿ ಮೊದಲು ಮೋಸ ಮಾಡಿರಲಿಲ್ಲ. ಅವರ ಮುಂದೆ ತೊಂದರೆ ಕಾಣಿಸಿಕೊಂಡಿರಲೇ ಇಲ್ಲ. ತಂಗಿ ನೋಡಿ ತಂದ ಮಾತೇ ಈ ಸಲ ಕೆಲಸ ಮಾಡಿತು.

ಎಚ್ಚರಿಕೆ

• ಗಾಡಿ ಬಿಚ್ಚುವಾಗ ಹತ್ತಿರ ಒಲೆ, ಬೀಡಿ, ದೀಪ, ಮಕ್ಕಳು ಇರಬಾರದು. ರಾತ್ರಿ ಆದರೆ ಬ್ಯಾಟರಿ ಬೆಳಕು ಹಿಡಿಯಿರಿ.
• ಸೆರಗು, ಓಡನಿ ಬಿಗಿಯಾಗಿ ಕಟ್ಟಿಕೊಳ್ಳಿ. ಚಕ್ರಕ್ಕೆ, ಚೈನಿಗೆ ಸಿಕ್ಕೀತು.
• ಪೆಟ್ರೋಲನ್ನು ಬಾಯಿಂದ ಪೈಪಿನಲ್ಲಿ ಎಳೆಯಬೇಡಿ.
• ಕಾರ್ಬೊರೇಟರ್ ಜೆಟ್ಟಿನ ತೂತಿಗೆ ತಂತಿ, ಸೂಜಿ ಹಾಕಬೇಡಿ. ತೂತು ದೊಡ್ಡದಾಗುತ್ತದೆ. ಗಾಳಿ ಊದಿಸಿ.

ಹಳೆಯ ಗಾಡಿಗೆ ಸಾಲ ಕೊಡುವ ಮುಂಚೆ

ಸಂಘದ ಇಬ್ಬರು ಹೋಗಿ ನೋಡಿ ಬರಲಿ. ಎಂಜಿನ್ ಮುಟ್ಟಿ ನೋಡಿ, ತಣ್ಣಗೆ ಇರಬೇಕು. ಮೊದಲೇ ಬಿಸಿ ಇದ್ದರೆ ಮಾರುವವರು ಚಾಲೂ ಮಾಡಿ ಇಟ್ಟಿದ್ದಾರೆ ಎಂದು ತಿಳಿಯಿರಿ. ತಣ್ಣಗಿದ್ದಾಗ ಚಾಲೂ ಮಾಡಿಸಿ, ಅರ್ಧ ತಾಸು ಓಡಿಸಿ, ಬಂದ್ ಮಾಡಿ, ಬಿಸಿ ಇದ್ದಾಗಲೇ ಮತ್ತೆ ಚಾಲೂ ಮಾಡಿ. ಎರಡೂ ಸಲ ಆಗಬೇಕು. ಆರ್.ಸಿ. ಪುಸ್ತಕದ ನಂಬರ್ ಎಂಜಿನ್ ಮತ್ತು ಚಾಸಿಸ್ ನಂಬರಿಗೆ ಹೊಂದಬೇಕು. ದ್ವಿಚಕ್ರ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ನವೀಕರಣದ ಖರ್ಚು ಬರುತ್ತದೆ. ಆ ಖರ್ಚನ್ನೂ ಸಾಲದ ಲೆಕ್ಕದಲ್ಲಿ ಸೇರಿಸಿ.

ಸಭೆಯಲ್ಲಿ ಮಾಡಿ ನೋಡಿ

1. ಒಂದು ಗಾಡಿ ತರಿಸಿ, ಪ್ರತಿಯೊಬ್ಬರೂ ಪ್ಲಗ್ ಬಿಚ್ಚಿ ಬಣ್ಣ ನೋಡಿ, ಮತ್ತೆ ಹಾಕಿ.
2. ಪ್ಲಗ್ ಪಾನಾ, ಒಂದು ಹೊಸ ಪ್ಲಗ್, ಪಾಲಿಶ್ ಕಾಗದ, ದಪ್ಪ ಬಟ್ಟೆ ಇಷ್ಟನ್ನು ಗಾಡಿಯ ಚೀಲದಲ್ಲಿ ಇಡಿ.
3. ಗಾಡಿ ನಿಂತ ದಿನ, ಎಷ್ಟು ದೂರಕ್ಕೆ ನಿಂತಿತು, ಬಿಸಿಯೋ ತಣ್ಣಗೋ, ಕಿಡಿ ಇತ್ತೋ ಇಲ್ಲವೋ, ಖರ್ಚು ಎಷ್ಟು ಎಂದು ಬರೆದಿಡಿ. ಬರೆಯಲು ಬಾರದವರಿಗೆ ಮಕ್ಕಳು ಬರೆದುಕೊಡಲಿ.

ಚರ್ಚಿಸಿ: ಕಳೆದ ವರ್ಷ ನಮ್ಮ ಸಂಘದವರು ಗಾಡಿ ರಿಪೇರಿಗೆ ಎಷ್ಟು ಖರ್ಚು ಮಾಡಿದೆವು? ಅದರಲ್ಲಿ ಯಾವುದನ್ನು ನಾವೇ ನೋಡಿಕೊಳ್ಳಬಹುದಿತ್ತು?