ಹೊಂಡದ ನೀರು ಹಸಿರಾದರೆ ಮೀನಿಗೆ ಉಸಿರು ಕಟ್ಟುತ್ತದೆ



ದಿಗ್ಗೇವಾಡಿಯಂಥ ಕೃಷ್ಣಾ ತೀರದ ಊರುಗಳಲ್ಲಿ ಎಲ್ಲಿ ನೋಡಿದರೂ ಕಬ್ಬು. ಕಬ್ಬಿಗೆ ಹಾಕಿದ ಗೊಬ್ಬರ ಮಳೆನೀರಿನ ಕೂಡ ಹರಿದು ಹೊಂಡ ಸೇರಿದರೆ ಪಾಚಿ ಜೋರಾಗಿ ಬೆಳೆಯುತ್ತದೆ. ನೀರು ಹಸಿರಾದರೆ ಮೀನಿಗೆ ಮೇವು ಜಾಸ್ತಿ ಅಂತ ನಾವು ತಿಳ್ಕೊಂತೀವಿ. ಸ್ವಲ್ಪ ಹಸಿರು ಒಳ್ಳೆಯದೇ, ಅತಿಯಾದರೆ ಸಂಘದ ಸಾಲದಿಂದ ಬಿಟ್ಟ ಮೀನು ಒಂದೇ ರಾತ್ರಿಯಲ್ಲಿ ಹೋಗಬಹುದು.

ಕಿವಿರು ಎಂದರೇನು?

ಸಂತೆಯಲ್ಲಿ ಮೀನು ತಗೊಳ್ಳುವಾಗ ತಲೆಯ ಪಕ್ಕದ ಮುಚ್ಚಳ ಎತ್ತಿ ನೋಡ್ತೀವಲ್ಲ, ಅಲ್ಲಿ ಬಾಚಣಿಕೆ ಹಲ್ಲಿನಂತೆ ಕೆಂಪಗೆ ಕಾಣೋದೇ ಕಿವಿರು. ಬಾಯಿಂದ ಬಂದ ನೀರು ಇದರ ಮೇಲೆ ಹರಿಯುವಾಗ ನೀರಿನ ಆಮ್ಲಜನಕ ರಕ್ತಕ್ಕೆ ಸೇರುತ್ತದೆ. ಇದರ ಪೊರೆ ಬಹಳ ತೆಳು, ಅದಕ್ಕೇ ಬೇಗ ಕೆಡುತ್ತದೆ.

ಪಾಚಿ ಏನು ಮಾಡುತ್ತದೆ?

1. ದಟ್ಟ ಪಾಚಿ ಕಿವಿರಿಗೆ ಮೆತ್ತಿಕೊಳ್ಳುತ್ತದೆ. ಆಗ ಕಿವಿರಿನಲ್ಲಿ ಲೋಳೆ ಹೆಚ್ಚಾಗಿ ಆಮ್ಲಜನಕ ಒಳಗೆ ಹೋಗದು.
2. ಕೆಲವು ನೀಲಿ-ಹಸಿರು ಪಾಚಿಗಳು ವಿಷ ಬಿಡುತ್ತವೆ.
3. ಪಾಚಿ ಸತ್ತು ಕೊಳೆತರೆ ಅಮೋನಿಯಾ ಹೆಚ್ಚುತ್ತದೆ, ಕಿವಿರು ಊದಿಕೊಳ್ಳುತ್ತದೆ.
4. ಹಗಲು ಆಮ್ಲಜನಕ ಕೊಡುವ ಪಾಚಿಯೇ ರಾತ್ರಿ ಅದನ್ನು ಬಳಸುತ್ತದೆ. ಬೆಳಗಿನ ಜಾವ ನೀರಲ್ಲಿ ಆಮ್ಲಜನಕ ತೀರಾ ಕಡಿಮೆ. ಕಿವಿರು ಕೆಟ್ಟ ಮೀನು ಮೊದಲು ಸಾಯುತ್ತದೆ.

ಆಮ್ಲಜನಕ ಕಡಿಮೆಯಾದರೆ ಎಂಥ ಹಾನಿ ಆಗುತ್ತದೆ ಎಂಬುದಕ್ಕೆ ಬೆಂಗಳೂರಿನ ಹಲಸೂರು ಕೆರೆಯೇ ಉದಾಹರಣೆ. 2016ರ ಮಾರ್ಚಿಯಲ್ಲಿ ಕೊಳಚೆ ಸೇರಿದ ಆ ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದವು.

ಗುರುತು ಹಿಡಿಯುವುದು ಹೇಗೆ?

ಕೈಯನ್ನು ನೀರಲ್ಲಿ ಮೆಲ್ಲಗೆ ಇಳಿಸಿ. ನೀರು ಮೊಣಕೈಗೆ ಬರುವ ಮೊದಲೇ ಅಂಗೈ ಕಾಣದಾದರೆ ಪಾಚಿ ಹೆಚ್ಚಾಗಿದೆ. ನಸುಕಿನಲ್ಲಿ ಮೀನು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ತಡ ಮಾಡಬೇಡಿ.

ಏನು ಮಾಡಬೇಕು?

• ಸಗಣಿ, ಗೊಬ್ಬರ, ಮೇವು ಹಾಕುವುದನ್ನು ಕೂಡಲೇ ನಿಲ್ಲಿಸಿ.
• ಹೊಸ ನೀರು ಬಿಡಿ. ಪಂಪಿನಿಂದ ಹೊಂಡದ ನೀರನ್ನೇ ಎತ್ತಿ ಮೇಲಿಂದ ಚಿಮ್ಮಿಸಿ.
• ಪಾಚಿ ಸಾಯಿಸುವ ಔಷಧಿ ಒಮ್ಮೆಲೇ ಹಾಕಬೇಡಿ. ಸತ್ತ ಪಾಚಿ ಕೊಳೆತು ಇದ್ದ ಆಮ್ಲಜನಕವನ್ನೂ ತಿನ್ನುತ್ತದೆ.
• ಹಸಿರು ಕೆನೆ ಕಟ್ಟಿದ ನೀರನ್ನು ದನಕರುಗಳಿಗೆ ಕುಡಿಸಬೇಡಿ. ಸತ್ತ ಮೀನು ತಿನ್ನಬೇಡಿ, ಮಾರಬೇಡಿ.
• ಹೊಲದ ನೀರು ನೇರ ಹೊಂಡಕ್ಕೆ ಬಾರದಂತೆ ಬದು ಹಾಕಿ.
• ಮೀನುಗಾರಿಕೆ ಇಲಾಖೆಯ ತಾಲೂಕು ಕಚೇರಿಯಲ್ಲಿ ಕೇಳಿ.

ಸಂಘದ ಸಭೆಯಲ್ಲಿ ಚರ್ಚಿಸೋಣ

1. ನಮ್ಮ ಹೊಂಡಕ್ಕೆ ಯಾರ ಹೊಲದ ನೀರು ಬರುತ್ತದೆ?
2. ದಿನಾ ನಸುಕಿನಲ್ಲಿ ಹೊಂಡ ನೋಡುವ ಪಾಳಿ ಯಾರದು?